ಅಜ್ಜಿ ಎದುರಿಗಿರುವಾಗಲೇ ಕೇಳಿಕೊಳ್ಳಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯ ಹಿರಿಯ ಹೆಣ್ಣುಮಕ್ಕಳ ಬಗ್ಗೆ ಬರೆಯಿರಿ ಎಂದು ಕೇಳಿದ್ದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು 'ಹೇಗೆ' ಎಂದು ಕೇಳುವಂಥವು. ಪ್ರೀತಿ ಎಲ್ಲರಲ್ಲೂ ಇದೆ, ಕೆಲಸ ಎಲ್ಲಿಂದ ಶುರು ಮಾಡುವುದು ಎಂದು ತಿಳಿಯುತ್ತಿಲ್ಲ. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮಜ್ಜಿಗೆ ಎಂಬತ್ನಾಲ್ಕು. ಬೀಸೋ ಪದ, ಸೋಬಾನೆ ಪದ ಎಷ್ಟೋ ಬರುತ್ತವೆ. ಮೊಬೈಲ್ ಹಿಡಿದು 'ಹಾಡಜ್ಜಿ' ಅಂದರೆ 'ಎಲ್ಲಾ ಮರ್ತೋಗೈತೆ ಕಣಪ್ಪ' ಅಂತಾರೆ. ಒಬ್ಬರೇ ಇದ್ದಾಗ ಗುನುಗುತ್ತಾರೆ. ಹೇಗೆ ಹಿಡಿದಿಡುವುದು? (ತಿಪಟೂರಿನಿಂದ)

ಉತ್ತರ: ಅಜ್ಜಿ ಸುಳ್ಳು ಹೇಳುತ್ತಿಲ್ಲ. ಬೀಸುವ ಪದ ಕೈಕೆಲಸದ ಜೊತೆಗೇ ಬಾಯಿಗೆ ಬಂದದ್ದು, ಕೈ ಸುಮ್ಮನಿದ್ದರೆ ಪದವೂ ಬರುವುದಿಲ್ಲ. ಅಟ್ಟದ ಮೇಲಿನ ಬೀಸುಕಲ್ಲು ಇಳಿಸಿ, ತೊಳೆದು ಒಣಗಿಸಿ, ಎರಡು ಹಿಡಿ ರಾಗಿ ಹಾಕಿಕೊಡಿ. ತಿರುಗಿಸಲು ಶಕ್ತಿಯಿಲ್ಲದಿದ್ದರೆ ಗೂಟವನ್ನು ನೀವೂ ಜೊತೆಗೆ ಹಿಡಿಯಿರಿ, ಭಾರ ನಿಮ್ಮ ಕೈಯಲ್ಲಿರಲಿ. ಕಲ್ಲೇ ಇಲ್ಲವೆಂದರೆ ಮೊರದಲ್ಲಿ ಅಕ್ಕಿ ಕೊಡಿ, ಇಲ್ಲವೇ ಸೊಗಡಿನ ಅವರೆಕಾಯಿ ಸುಲಿಯಲು ಕೂರಿಸಿ.

ಸೋಬಾನೆಯ ಕಷ್ಟ ಬೇರೆ. ಒಬ್ಬರು ಹೇಳಿದ ಸೊಲ್ಲನ್ನು ಇನ್ನೊಬ್ಬರು ಹಿಡಿದು ಹೇಳುವ ಹಾಡು ಅದು. ಒಬ್ಬರೇ ಹಾಡಿ ಎಂದರೆ ಅರ್ಧ ಬಾಗಿಲು ಮುಚ್ಚಿದಂತೆ. ಅವರ ಓರಗಿತ್ತಿಯೋ ತಂಗಿಯೋ ಅದೇ ಕೇರಿಯ ಗೆಳತಿಯೋ ಇದ್ದರೆ ಕರೆತಂದು ಪಕ್ಕದಲ್ಲಿ ಕೂರಿಸಿ. ಒಬ್ಬರಿಗೆ ಮರೆತ ಸೊಲ್ಲು ಇನ್ನೊಬ್ಬರಿಗೆ ಹೊಳೆಯುತ್ತದೆ. ಇಬ್ಬರೂ 'ಹಂಗಲ್ಲ, ಹಿಂಗೆ' ಎಂದು ವಾದಿಸಿದರೆ ತಡೆಯಬೇಡಿ, ಆ ವಾದವೂ ದಾಖಲಾಗಲಿ. 'ಹಾಡು ಹೇಳಿ' ಎನ್ನುವ ಬದಲು ಮದುವೆಯ ಕ್ರಮದಲ್ಲೇ ಕೇಳುತ್ತಾ ಹೋಗಿ: ಅರಿಶಿಣ ಕುಟ್ಟುವಾಗ ಏನು ಹೇಳುತ್ತಿದ್ದಿರಿ, ಹಸೆಗೆ ಕರೆಯುವಾಗ ಏನು, ಹೆಣ್ಣು ಒಪ್ಪಿಸುವಾಗ ಏನು. ಶಾಸ್ತ್ರ ನೆನಪಾದರೆ ಹಾಡು ತಾನಾಗಿ ಬರುತ್ತದೆ. ಸತ್ತವರ ಮುಂದೆ ಹೇಳುವ ಅಳುವಿನ ಹಾಡನ್ನು ಮಾತ್ರ ಒತ್ತಾಯ ಮಾಡಿ ಕೇಳಬೇಡಿ. ಒಳ್ಳೆಯ ದಿನ ಮನೆಯೊಳಗೆ ಅದನ್ನು ಹೇಳಬಾರದು ಎಂದು ನಂಬಿದವರು ಬಹಳ ಮಂದಿ.

ಇನ್ನು ಮೊಬೈಲಿನ ವಿಚಾರ. ಧ್ವನಿಯನ್ನಷ್ಟೇ ಹಿಡಿಯಿರಿ, ವಿಡಿಯೊ ಆಮೇಲೆ ನೋಡೋಣ. ಕ್ಯಾಮೆರಾ ಕಂಡರೆ ಅಜ್ಜಿ ಸೆರಗು ಸರಿಮಾಡಿಕೊಳ್ಳುವುದರಲ್ಲೇ ಹಾಡು ಮರೆಯುತ್ತಾರೆ. ಫೋನನ್ನು ಫ್ಲೈಟ್ ಮೋಡಿಗೆ ಹಾಕಿ, ಮಡಿಸಿದ ಟವೆಲ್ಲಿನ ಮೇಲೆ, ಅವರ ಬಾಯಿಂದ ಒಂದು ಮೊಳ ದೂರದಲ್ಲಿಡಿ. ಬೀಸುಕಲ್ಲು ಇರುವ ಮಣೆಯ ಮೇಲೆ ಇಟ್ಟರೆ ಗುಡುಗುಡು ಸದ್ದಿನಲ್ಲಿ ಪದವೇ ಕೇಳುವುದಿಲ್ಲ. ಫ್ಯಾನ್ ಆರಿಸಿ, ಕುಕ್ಕರ್ ಇಳಿಸಿ. ಬರಿಯ ಗೋಡೆಯ ಹಾಲ್‌ಗಿಂತ ಹಾಸಿಗೆ, ಬಟ್ಟೆ ತುಂಬಿದ ಕೋಣೆ ಒಳ್ಳೆಯದು, ಪ್ರತಿಧ್ವನಿ ಇರುವುದಿಲ್ಲ. ಬೆಳಗಿನ ತಿಂಡಿಯ ನಂತರದ ಹೊತ್ತು ಚೆನ್ನ. ಅರ್ಧ ಗಂಟೆಗಿಂತ ಹೆಚ್ಚು ಬೇಡ, ಗಂಟಲು ಸೋಲುತ್ತದೆ. ಕದ್ದು ರೆಕಾರ್ಡ್ ಮಾಡಬೇಡಿ. ಮೊದಲ ಎರಡು ದಿನ 'ಇದು ಇಲ್ಲೇ ಇರುತ್ತದೆ ಅಜ್ಜಿ' ಎಂದು ಹೇಳಿ ಫೋನನ್ನು ಸುಮ್ಮನೆ ಪಕ್ಕದಲ್ಲಿಡಿ. ಮೂರನೆಯ ದಿನಕ್ಕೆ ಅದರತ್ತ ನೋಡುವುದನ್ನೇ ಬಿಡುತ್ತಾರೆ.

ಶುರುವಿನಲ್ಲಿ ನಿಮ್ಮ ದನಿಯಲ್ಲೇ ತಾರೀಕು, ಊರು, ಅಜ್ಜಿಯ ಹೆಸರು, ಅವರ ತವರೂರು ಹೇಳಿ. ತವರೂರು ಮುಖ್ಯ, ಹಾಡು ಬಹುಪಾಲು ಅಲ್ಲಿಂದಲೇ ಬಂದಿರುತ್ತದೆ. ನಡುವೆ ನಿಲ್ಲಿಸಿ ಅರ್ಥ ಕೇಳಬೇಡಿ. ಹಾಡು ಮುಗಿದ ಮೇಲೆ 'ಯಾರಿಂದ ಕಲಿತಿರಿ' ಎಂದು ಕೇಳಿ.

ರೆಕಾರ್ಡ್ ಮಾಡುವ ಆಪ್‌ನಲ್ಲಿ ವೇವ್ (WAV, ಧ್ವನಿಯನ್ನು ಹಿಂಡದೆ ಇದ್ದಂತೆಯೇ ಇಡುವ ಫೈಲು) ಎಂಬ ಆಯ್ಕೆ ಇದ್ದರೆ ಅದನ್ನೇ ಆರಿಸಿ. ಮೋನೊದಲ್ಲಿ (ಒಂದೇ ವಾಹಿನಿಯ ಧ್ವನಿ) ಒಂದು ಗಂಟೆಗೆ ಸುಮಾರು 300 ಎಂಬಿ ಜಾಗ ಬೇಕು, ಮೊದಲೇ ಖಾಲಿ ಮಾಡಿಕೊಳ್ಳಿ. ನಡುವೆ ಮೆಮೊರಿ ತುಂಬಿ ನಿಂತುಹೋಗುವುದು ಸಾಮಾನ್ಯ ತಪ್ಪು. ಇನ್ನೊಂದು ತಪ್ಪು ವಾಟ್ಸ್ಆಪ್‌ನಲ್ಲಿ ವಿಡಿಯೊ ಕಳಿಸಿ ಮೂಲವನ್ನು ಅಳಿಸಿಬಿಡುವುದು. ಅಲ್ಲಿ ವಿಡಿಯೊ ಹಿಂಡಿ ಚಿಕ್ಕದಾಗುತ್ತದೆ. ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ಇದ್ದಂತೆಯೇ ಹೋಗುತ್ತದೆ. ಮೂರು ಪ್ರತಿ ಇರಲಿ: ಫೋನಿನಲ್ಲೊಂದು, ಕಂಪ್ಯೂಟರಿನಲ್ಲೊಂದು, ಬೇರೆ ಊರಿನ ಬಂಧುವಿನ ಬಳಿ ಒಂದು. ಫೈಲಿಗೆ ತಾರೀಕು ಮತ್ತು ಹಾಡಿನ ಮೊದಲ ಸಾಲನ್ನೇ ಹೆಸರಾಗಿಡಿ.

ವಾರದೊಳಗೆ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆದುಕೊಳ್ಳಿ. ಅವರು 'ಆಲು' ಎಂದರೆ 'ಆಲು' ಎಂದೇ ಬರೆಯಿರಿ, 'ಹಾಲು' ಎಂದು ತಿದ್ದಬೇಡಿ. ಸಂಗ್ರಹ ದೊಡ್ಡದಾದರೆ ಹಾವೇರಿ ಜಿಲ್ಲೆ ಗೊಟಗೋಡಿಯ ಕರ್ನಾಟಕ ಜಾನಪದ ವಿಶ್ವವಿದ್ಯಾಲಯದಂಥ ಕಡೆ ವಿಚಾರಿಸಿ. ಕೊಡುವ ಮುಂಚೆ ಅಜ್ಜಿಯ ಒಪ್ಪಿಗೆ ಕೇಳಿ.

ಪ್ರಶ್ನೆ: ಅಮ್ಮಮ್ಮನ ಮಿಡಿ ಉಪ್ಪಿನಕಾಯಿ, ಸಾರಿನ ಪುಡಿ ಎರಡೂ ನಮಗೆ ಬರುತ್ತಿಲ್ಲ. ಅಳತೆ ಕೇಳಿದರೆ 'ಕೈಗೆ ಬಂದಷ್ಟು', 'ಒಂದು ಪಾವು' ಅನ್ನುತ್ತಾರೆ. (ಸಾಗರದಿಂದ)

ಉತ್ತರ: ಅಳತೆ ಹೇಳಿ ಎಂದು ಅವರನ್ನು ಕೇಳಲೇಬೇಡಿ. ಚಮಚ ಕೊಟ್ಟು ಅಳೆಯಿರಿ ಎಂದರೆ ಕೈಯ ಲೆಕ್ಕ ತಪ್ಪುತ್ತದೆ. ಅವರು ಎಂದಿನಂತೆ ಮಾಡಲಿ, ನೀವು ಡಬ್ಬಿ ತೂಗಿ. ಒಂದು ಗ್ರಾಂವರೆಗೆ ತೋರಿಸುವ ಅಡುಗೆ ತಕ್ಕಡಿ ಸಾಕು. ಮೆಣಸಿನಕಾಯಿ ಡಬ್ಬಿ ಮೊದಲು 640 ಗ್ರಾಂ, ಅವರು ತೆಗೆದುಕೊಂಡ ಮೇಲೆ 515 ಎಂದಾದರೆ, ಹಾಕಿದ್ದು 125 ಗ್ರಾಂ. ಕೊತ್ತಂಬರಿ, ಜೀರಿಗೆ, ಮೆಂತ್ಯ, ಉಪ್ಪು ಎಲ್ಲಕ್ಕೂ ಇದೇ ಲೆಕ್ಕ. ಒಂದೇ ಸಲ ತೂಗಿದರೆ ನಂಬಬೇಡಿ. ಮೂರು ಸಲದ ಅಂಕಿ ಬರೆದಿಟ್ಟರೆ ಅವರ ಕೈ ಎಲ್ಲಿ ಸ್ಥಿರ, ಎಲ್ಲಿ ರುಚಿ ನೋಡಿ ಬದಲಿಸುತ್ತಾರೆ ಎಂಬುದು ಗೊತ್ತಾಗುತ್ತದೆ.

ಪಾವು, ಸೇರು, ಕುಡ್ತೆ ಸೀಮೆಯಿಂದ ಸೀಮೆಗೆ ಬೇರೆ. ಪುಸ್ತಕದ ಲೆಕ್ಕ ಬಿಟ್ಟು ನಿಮ್ಮ ಮನೆಯ ಪಾವನ್ನೇ ಅಳೆಯಿರಿ: ಖಾಲಿ ಪಾವು ತೂಗಿ, ಅಂಚಿನವರೆಗೆ ನೀರು ತುಂಬಿ ಮತ್ತೆ ತೂಗಿ. ವ್ಯತ್ಯಾಸ ಎಷ್ಟು ಗ್ರಾಮೋ ಅಷ್ಟು ಮಿಲಿಲೀಟರು. ಅಮ್ಮಮ್ಮ ಅಂಚಿಗೆ ಸಮವಾಗಿ ಅಳೆಯುತ್ತಾರೋ, ಗೋಪುರದಂತೆ ತುಂಬುತ್ತಾರೋ ಅದನ್ನೂ ನೋಡಿ. ಗೋಪುರ ಕಟ್ಟಿದರೆ ಲೆಕ್ಕ ಬಹಳ ಏರುತ್ತದೆ.

ಉಪ್ಪಿನಕಾಯಿ ಕೆಡುವುದು ಹೆಚ್ಚಾಗಿ ಉಪ್ಪಿನಲ್ಲೇ. ಅವರು ಹಾಕುವುದು ಕಲ್ಲುಪ್ಪು. ಒಂದು ಲೋಟ ಪುಡಿಯುಪ್ಪು ಒಂದು ಲೋಟ ಕಲ್ಲುಪ್ಪಿಗಿಂತ ತೂಕದಲ್ಲಿ ಹೆಚ್ಚು. ಹಾಗಾಗಿ ಲೋಟದ ಲೆಕ್ಕ ಬೇಡ, ತೂಕವೇ ಬೇಕು. ಮಿಡಿಯನ್ನು ತೊಟ್ಟಿನೊಂದಿಗೆ ಕೈಯಲ್ಲಿ ಕೊಯ್ದಿರಬೇಕು, ಉದುರಿ ಬಿದ್ದದ್ದು ಒಳಗೆ ಪೆಟ್ಟಾಗಿ ಮೆತ್ತಗಾಗುತ್ತದೆ. ತೊಳೆದ ಮಿಡಿಯ ಮೇಲೆ ನೀರಿನ ಹನಿ ಉಳಿಯಕೂಡದು, ಭರಣಿಯೂ ಬಿಸಿಲಲ್ಲಿ ಒಣಗಿರಬೇಕು. ಪದರಪದರವಾಗಿ ಉಪ್ಪು ಹಾಕಿ ಮೇಲೆ ಭಾರ ಇಡಿ. ಉಪ್ಪುನೀರಿನಿಂದ ಮೇಲೆದ್ದ ಮಿಡಿಗೆ ಬಿಳಿಯ ಬೂಸ್ಟು ಬರುತ್ತದೆ. ಮಿಡಿ ಸುಕ್ಕುಗಟ್ಟಲು ಎರಡು ಮೂರು ವಾರ ಬೇಕು. ಆಮೇಲೆ ಅದೇ ಉಪ್ಪುನೀರನ್ನು ಸೋಸಿ, ಕುದಿಸಿ, ಪೂರ್ತಿ ಆರಿಸಿ ಸಾಸಿವೆ ಮೆಣಸು ಅರೆಯಲು ಬಳಸಿ. ಬೆಚ್ಚಗಿರುವಾಗಲೇ ಸುರಿಯುವುದು ಮತ್ತೊಂದು ಸಾಮಾನ್ಯ ತಪ್ಪು.

ಸಾರಿನ ಪುಡಿಯಲ್ಲಿ ತೂಕಕ್ಕಿಂತ ಹುರಿಯುವುದು ಮುಖ್ಯ. ಯಾವುದನ್ನು ಮೊದಲು ಬಾಣಲೆಗೆ ಹಾಕುತ್ತಾರೆ, ಎಷ್ಟು ನಿಮಿಷ, ಇಳಿಸುವಾಗ ಬಣ್ಣ ಹೇಗಿತ್ತು ಎಂಬುದಕ್ಕೆ ಫೋಟೊ ತೆಗೆದಿಡಿ. ಮೆಂತ್ಯ ಒಂದು ಕ್ಷಣ ಹೆಚ್ಚು ಹುರಿದರೂ ಇಡೀ ಪುಡಿ ಕಹಿ. ಇಷ್ಟಾದ ಮೇಲೆ ಒಂದು ದಿನ ಅಮ್ಮಮ್ಮ ಕುರ್ಚಿಯಲ್ಲಿ ಕೂರಲಿ, ನೀವು ಮಾಡಿ, ಅವರು ಬಾಯಲ್ಲಷ್ಟೇ ಹೇಳಲಿ. ಬಹಳ ಮನೆಗಳಲ್ಲಿ ನೋಡಿ ಕಲಿಯುತ್ತಾರೆ, ಅವರೆದುರು ಮಾಡಿ ಬೈಸಿಕೊಳ್ಳುವುದಿಲ್ಲ. ನಿಜವಾಗಿ ಕಲಿಯುವುದು ಆ ಬೈಗುಳದಿಂದಲೇ.

ಪ್ರಶ್ನೆ: ಅಜ್ಜಿಗೆ ಸಹಸ್ರ ಚಂದ್ರದರ್ಶನ ಮಾಡಬೇಕೆಂದಿದ್ದೇವೆ. ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ, ಆಧಾರಿನಲ್ಲಿ ಜನವರಿ 1 ಎಂದಿದೆ. ಅಜ್ಜ ತೀರಿಕೊಂಡಿದ್ದಾರೆ, ಒಬ್ಬರಿಗೇ ಮಾಡಬಹುದೇ ಎಂಬ ಚರ್ಚೆಯೂ ನಡೆದಿದೆ. (ಶಿವಮೊಗ್ಗದಿಂದ)

ಉತ್ತರ: ಮೊದಲು ಲೆಕ್ಕ. ಸಾವಿರ ಹುಣ್ಣಿಮೆಗೆ ವರ್ಷಕ್ಕೆ ಹನ್ನೆರಡರಂತೆ ಭಾಗಿಸಿದರೆ 83 ವರ್ಷ 4 ತಿಂಗಳು ಬರುತ್ತದೆ. ಅದು ಸರಿಯಲ್ಲ, ಅಧಿಕ ಮಾಸಗಳು ಬಿಟ್ಟುಹೋಗಿವೆ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸರಾಸರಿ 29.53 ದಿನ. ಸಾವಿರಕ್ಕೆ 29,530 ದಿನ, ಅಂದರೆ 80 ವರ್ಷ 10 ತಿಂಗಳ ಆಸುಪಾಸು. ಅದಕ್ಕೇ ಎಂಬತ್ತು ತುಂಬಿ ಎಂಬತ್ತೊಂದು ನಡೆಯುವಾಗ ಮಾಡುವ ರೂಢಿ.

ಆಧಾರಿನ ಜನವರಿ 1ನ್ನು ನಂಬಬೇಡಿ. ವರ್ಷ ಮಾತ್ರ ಹೇಳಿದವರಿಗೆ ಹಾಗೆ ದಾಖಲಾಗಿರುತ್ತದೆ, ಆ ವರ್ಷವೂ ಅಂದಾಜೇ ಇರಬಹುದು. ಅಜ್ಜಿಯನ್ನು ಇಸವಿ ಕೇಳದೆ ಸಂವತ್ಸರ ಕೇಳಿ. ಪಾರ್ಥಿವ ಎಂದರೆ 1945ರ ಯುಗಾದಿಯಿಂದ 1946ರ ಯುಗಾದಿಯವರೆಗೆ. ನಂತರ ವ್ಯಯ, ಆಮೇಲೆ 1947ರ ಯುಗಾದಿಗೆ ಸರ್ವಜಿತ್. ಸಂವತ್ಸರವೂ ನೆನಪಿಲ್ಲದಿದ್ದರೆ ಘಟನೆಗಳ ಮೂಲಕ ಹೋಗಿ. ಗಾಂಧೀಜಿ ತೀರಿಕೊಂಡಾಗ (1948 ಜನವರಿ 30) ನಡೆಯುತ್ತಿದ್ದಿರೋ, ತೊಟ್ಟಿಲಲ್ಲಿದ್ದಿರೋ? ಹಳೆ ಮೈಸೂರಿನವರಾದರೆ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡ 1940ಕ್ಕೆ ಮೊದಲೋ ಆಮೇಲೋ? ಬೀದರ, ಕಲಬುರಗಿ, ರಾಯಚೂರು ಕಡೆಯವರಾದರೆ ರಜಾಕಾರರ ಹಾವಳಿ, 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ ಎಲ್ಲರ ಬಾಯಲ್ಲೂ ಇರುವ ಗುರುತು. ಏಕೀಕರಣದ 1956ಕ್ಕೆ ಶಾಲೆಗೆ ಹೋಗುತ್ತಿದ್ದಿರೋ, ಮದುವೆಯಾಗಿತ್ತೋ? ಅಣ್ಣ ತಮ್ಮಂದಿರಲ್ಲಿ ಒಬ್ಬರ ಶಾಲಾ ದಾಖಲೆ ಸಿಕ್ಕರೆ 'ನಿಮಗಿಂತ ಎಷ್ಟು ದೊಡ್ಡವರು' ಎಂದು ಕೇಳಿ ಲೆಕ್ಕ ಹಿಡಿಯಿರಿ. ತಿಂಗಳಿಗೆ ಹಬ್ಬವೇ ದಾರಿ: 'ಗೌರಿ ಹಬ್ಬದ ಮುಂಚೆ', 'ಸುಗ್ಗಿ ಮುಗಿದ ಮೇಲೆ' ಎಂದು ಅವರ ತಾಯಿ ಹೇಳಿದ್ದು ನೆನಪಿರುತ್ತದೆ.

ಒಬ್ಬರಿಗೇ ಮಾಡುವ ಬಗ್ಗೆ ನಮ್ಮ ಅಭಿಪ್ರಾಯ ಸ್ಪಷ್ಟ: ಮಾಡಿ. ಸಾವಿರ ಚಂದ್ರರನ್ನು ಕಂಡವರು ಅಜ್ಜಿ. ಶಾಂತಿ, ಹೋಮದ ವಿಧಿಯಲ್ಲಿ ನಿಮ್ಮ ಮನೆತನದ ಪದ್ಧತಿ ಏನೆಂದು ಪುರೋಹಿತರನ್ನು ಕೇಳಿ. ಅವರು ಬೇಡ ಎಂದರೂ ಮಕ್ಕಳು ಮೊಮ್ಮಕ್ಕಳು ಸೇರಿ ಹೊಸ ಸೀರೆ ಉಡಿಸಿ, ಆರತಿ ಎತ್ತಿ, ಕಾಲಿಗೆ ನಮಸ್ಕರಿಸುವುದನ್ನು ಯಾವ ಶಾಸ್ತ್ರವೂ ತಡೆಯುವುದಿಲ್ಲ. ವಿಧವೆ ಎಂದು ಅರಿಶಿಣ ಕುಂಕುಮದ ತಟ್ಟೆಯನ್ನು ಅವರ ಮುಂದಿನಿಂದ ದಾಟಿಸಿಕೊಂಡು ಹೋಗುವುದು ಅವರದೇ ಸಮಾರಂಭದಲ್ಲಿ ನಡೆಯದಿರಲಿ. ಅವರಿಗೇನು ಇಷ್ಟ ಎಂದು ಮೊದಲೇ ಏಕಾಂತದಲ್ಲಿ ಕೇಳಿಕೊಳ್ಳಿ, ಎಲ್ಲರೆದುರು ಕೇಳಿದರೆ 'ನನಗ್ಯಾಕೆ' ಎಂದೇ ಹೇಳುತ್ತಾರೆ. ಕಾರ್ಯಕ್ರಮ ಎರಡು ಗಂಟೆಯಲ್ಲಿ ಮುಗಿಯಲಿ. ಹೊಗೆಯ ಮುಂದೆ ಹೆಚ್ಚು ಹೊತ್ತು ಕೂರಿಸಬೇಡಿ, ಕುರ್ಚಿಗೆ ಬೆನ್ನೊರಗು ಇರಲಿ, ಬಚ್ಚಲು ಹತ್ತಿರ ಇರಲಿ, ಮಾತ್ರೆ ಊಟದ ಹೊತ್ತು ತಪ್ಪದಿರಲಿ.

ಪ್ರಶ್ನೆ: ಅಜ್ಜಿಗೆ ಮರೆವು. ನನ್ನನ್ನು ನನ್ನ ತಾಯಿ ಅಂದುಕೊಳ್ತಾರೆ. ತಿದ್ದಿದರೆ ಅಳ್ತಾರೆ. (ಹುಬ್ಬಳ್ಳಿಯಿಂದ)

ಉತ್ತರ: ತಿದ್ದಬೇಡಿ. 'ನಾ ಯಾರ್ ಹೇಳ್ರಿ ನೋಡೋಣ' ಎಂದು ಪರೀಕ್ಷೆ ಮಾಡುವುದನ್ನು ಮನೆಯವರೆಲ್ಲ ಇವತ್ತೇ ನಿಲ್ಲಿಸಲಿ. ಬಂದವರು ತಾವೇ ಎದುರಿಗೆ ನಿಂತು, ಕೈ ಹಿಡಿದು, ಹೆಸರು ಹೇಳಿಕೊಳ್ಳಲಿ. ಮರೆವಿನ ಕಾಯಿಲೆಯಲ್ಲಿ ಸಾಮಾನ್ಯವಾಗಿ ಇತ್ತೀಚಿನ ನೆನಪು ಮೊದಲು ಹೋಗುತ್ತದೆ, ಎಳವೆಯದು ಬಹುಕಾಲ ಉಳಿಯುತ್ತದೆ. ನಿಮ್ಮನ್ನು ನಿಮ್ಮ ತಾಯಿ ಎಂದುಕೊಂಡರೆ ಅವರು ಆ ಕಾಲದಲ್ಲಿದ್ದಾರೆ ಎಂದರ್ಥ. ಅಲ್ಲಿಗೇ ಹೋಗಿ ಮಾತಾಡಿ: ಆ ಮನೆಯ ಆಕಳ ಹೆಸರೇನು, ಬಾವಿ ಎಲ್ಲಿತ್ತು, ಜಾತ್ರೆಗೆ ಯಾವ ಬಂಡಿಯಲ್ಲಿ ಹೋಗುತ್ತಿದ್ದರು. ಮಾತು ನಿಂತಲ್ಲಿ ಹಳೆಯ ಹಾಡು, ಭಜನೆ ಶುರುಮಾಡಿ. ವಾಕ್ಯ ಜೋಡಿಸಲು ಆಗದವರೂ ಹಾಡಿನ ಸಾಲು ಪೂರೈಸುವುದುಂಟು.

ಒಂದು ಎಚ್ಚರ. ನಿನ್ನೆ ಮೊನ್ನೆಯವರೆಗೆ ಸರಿಯಿದ್ದವರು ಒಂದೆರಡು ದಿನದಲ್ಲೇ ಗೊಂದಲಕ್ಕೆ ಬಿದ್ದರೆ, ಹಗಲೆಲ್ಲ ಮಂಪರು, ರಾತ್ರಿ ಬಡಬಡಿಕೆ ಶುರುವಾದರೆ, ಅದು ವಯಸ್ಸಿನ ಮರೆವಲ್ಲ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ನೀರು ಕಡಿಮೆಯಾಗಿರುವುದು, ಹೊಸ ಮಾತ್ರೆ ಇವುಗಳಲ್ಲಿ ಒಂದಿರಬಹುದು. ಅದೇ ದಿನ ವೈದ್ಯರಿಗೆ ತೋರಿಸಿ, ಇವಕ್ಕೆಲ್ಲ ಚಿಕಿತ್ಸೆ ಇದೆ. ನಿಧಾನದ ಮರೆವಿಗೂ ಬಿ12, ಥೈರಾಯ್ಡ್ ಪರೀಕ್ಷೆ ಮಾಡಿಸದೆ 'ವಯಸ್ಸಾಯಿತು' ಎಂದು ಬಿಡಬೇಡಿ. ನಿಮಗೆ ಧಾರವಾಡದ ಡಿಮ್ಹಾನ್ಸ್ (ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ) ಹತ್ತಿರ.

ಪ್ರಶ್ನೆ: ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ಅಜ್ಜಿ ಮೈಸೂರಿನಲ್ಲಿ. ವಿಡಿಯೊ ಕರೆಯಲ್ಲಿ 'ಚೆನ್ನಾಗಿದ್ದೀಯಾ, ಊಟ ಆಯ್ತಾ' ಬಿಟ್ಟರೆ ಮಾತೇ ಮುಂದುವರಿಯುವುದಿಲ್ಲ.

ಉತ್ತರ: ಅವರಿಗೆ ಕೇಳುತ್ತಿಲ್ಲದಿರಬಹುದು. ವಯಸ್ಸಾದಂತೆ ಮೊದಲು ಕುಗ್ಗುವುದು ತೀಕ್ಷ್ಣ ಸ್ವರದ ಶಬ್ದಗಳ ಗ್ರಹಿಕೆ. 'ಸ', 'ಶ', 'ತ' ಕಲಸಿಹೋಗುತ್ತವೆ. ಹಾಗಾಗಿ ಕಿರುಚಿದರೆ ಉಪಯೋಗವಿಲ್ಲ, ಕೀರಲು ದನಿ ಬಿಟ್ಟು ತಗ್ಗಿದ ಸ್ವರದಲ್ಲಿ ನಿಧಾನವಾಗಿ ಮಾತಾಡಿ. ಕಿಟಕಿಗೆ ಬೆನ್ನು ಹಾಕಿ ಕೂರಬೇಡಿ, ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ, ಅವರು ತುಟಿ ನೋಡಿಯೂ ಅರ್ಥಮಾಡಿಕೊಳ್ಳುತ್ತಾರೆ. ಊರಿನಲ್ಲಿರುವವರಿಗೆ ಹೇಳಿ ಒಮ್ಮೆ ಕಿವಿಯ ಗುಗ್ಗೆ ತೆಗೆಸಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಶ್ರವಣಯಂತ್ರ ಕೊಡಿಸಿದರೆ ಒಗ್ಗಲು ಕೆಲವು ವಾರ ಬೇಕು. ಮೊದಲ ವಾರದ ಗದ್ದಲಕ್ಕೆ ಬೇಸತ್ತು ಬೀರುವಿಗೆ ಸೇರಿಸುವವರೇ ಹೆಚ್ಚು.

ಸಮಯ ನಿಗದಿ ಮಾಡಿ. ನಿಮಗೂ ಮೈಸೂರಿಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಅಂತರ. ನಿಮ್ಮ ಗಡಿಯಾರ ಬದಲಾದಾಗ ಅವರ ಸಮಯ ಬದಲಾಗದಂತೆ ನೀವೇ ಹೊಂದಿಸಿಕೊಳ್ಳಿ. ಭಾನುವಾರ ಒಂದು ಗಂಟೆಗಿಂತ ವಾರಕ್ಕೆ ನಾಲ್ಕು ದಿನ ಹತ್ತು ನಿಮಿಷ ಒಳ್ಳೆಯದು. ಪ್ರತಿ ಸಲ ಕೈಯಲ್ಲಿ ಒಂದು ವಸ್ತು ಇರಲಿ. ನೀವು ಮಾಡಿದ ಹುಳಿಯ ಪಾತ್ರೆ ತೋರಿಸಿ 'ಬೇಳೆ ಒಡೆದಿಲ್ಲ, ಯಾಕೆ ಅಜ್ಜಿ' ಎಂದು ಕೇಳಿ ನೋಡಿ, ಮಾತು ತಾನಾಗಿ ಬೆಳೆಯುತ್ತದೆ.

ಊರಿಗೆ ಬರುವ ವಿಚಾರ. ರಜೆಯಲ್ಲಿ ಬಂದು ಹದಿನೈದು ದಿನದಲ್ಲಿ ಹನ್ನೆರಡು ಮನೆ, ನಾಲ್ಕು ದೇವಸ್ಥಾನ ಸುತ್ತಬೇಡಿ. ಐದು ದಿನವಾದರೂ ಅಜ್ಜಿಯ ಮನೆಯಲ್ಲೇ, ಏನೂ ಕಾರ್ಯಕ್ರಮವಿಲ್ಲದೆ ಇದ್ದುಬಿಡಿ.

ಪ್ರಶ್ನೆ: ಅಜ್ಜಿಯನ್ನು ಮೂವರು ಮಕ್ಕಳು ತಿಂಗಳಿಗೊಬ್ಬರಂತೆ ನೋಡಿಕೊಳ್ಳುತ್ತಿದ್ದೇವೆ. ಇತ್ತೀಚೆಗೆ ಪ್ರತಿ ಸಲ ಮನೆ ಬದಲಾದಾಗ ಬಿದ್ದುಬಿಡುತ್ತಾರೆ. (ದಾವಣಗೆರೆಯಿಂದ)

ಉತ್ತರ: ರಾತ್ರಿ ಎದ್ದಾಗ ಬಚ್ಚಲು ಯಾವ ದಿಕ್ಕಿಗೆ ಎಂಬುದು ದೇಹಕ್ಕೆ ಅಭ್ಯಾಸವಾಗುವಷ್ಟರಲ್ಲಿ ತಿಂಗಳು ಮುಗಿಯುತ್ತದೆ, ಬೀಳುವುದು ಅದಕ್ಕೇ ಇರಬಹುದು. ಸಾಧ್ಯವಾದರೆ ಒಂದೇ ಮನೆಯಲ್ಲಿ ಇರಿಸಿ, ಉಳಿದಿಬ್ಬರು ಖರ್ಚನ್ನೂ ಸರದಿಯ ಮೇಲೆ ಬಂದಿದ್ದು ನೋಡಿಕೊಳ್ಳುವುದನ್ನೂ ಹಂಚಿಕೊಳ್ಳಲಿ. ಎಲ್ಲಿರಬೇಕು ಎಂಬುದನ್ನು ಅಜ್ಜಿಯೇ ಹೇಳಲಿ. ಆಗದಿದ್ದರೆ ಕನಿಷ್ಠ ನಾಲ್ಕು ತಿಂಗಳಿಗೊಮ್ಮೆ ಬದಲಿಸಿ. ಮೂರೂ ಮನೆಯಲ್ಲಿ ಮಂಚದಿಂದ ಇಳಿದರೆ ಬಚ್ಚಲು ಒಂದೇ ಕಡೆಗೆ, ಬಲಕ್ಕಾದರೆ ಬಲಕ್ಕೇ, ಸಿಗುವಂತೆ ಮಂಚ ತಿರುಗಿಸಿ. ಮಂಚದ ಎತ್ತರ ಕಾಲು ಪೂರ್ತಿ ನೆಲಕ್ಕೂರುವಷ್ಟಿರಲಿ. ರಾತ್ರಿ ಸಣ್ಣ ದೀಪ, ಬಚ್ಚಲ ಗೋಡೆಗೆ ಹಿಡಿಕೆ, ಜಾರುವ ಕಾಲೊರಸು ಬೇಡ. ಮಾತ್ರೆಗಳ ಪಟ್ಟಿ, ಕನ್ನಡಕ, ವರದಿಗಳು ಒಂದೇ ಚೀಲದಲ್ಲಿ ಅವರೊಡನೆ ಹೋಗಲಿ. ಅವರದೇ ತಟ್ಟೆ ಲೋಟ, ದೇವರ ಪಟ, ದಿಂಬು ಕೂಡ. ಕೈಯಲ್ಲಿ ಸ್ವಲ್ಪ ದುಡ್ಡು ಇರಲಿ, ಮೊಮ್ಮಕ್ಕಳ ಕೈಗೆ ಹತ್ತು ರೂಪಾಯಿ ಇಡಲು ಯಾರನ್ನೂ ಕೇಳುವಂತಾಗಬಾರದು.

ಪ್ರಶ್ನೆ: ಅಜ್ಜಿಯ ಹಳೆಯ ಸೀರೆಗಳು, ಫೋಟೊಗಳು? (ಬಾಗಲಕೋಟೆಯಿಂದ)

ಉತ್ತರ: ರೇಷ್ಮೆ ಸೀರೆಯನ್ನು ಹಳೆಯ ಬಿಳಿ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲ ಬೇಡ, ನುಸಿಗುಳಿಗೆ ಜರಿಗೆ ತಾಗಬಾರದು. ಮೂರು ನಾಲ್ಕು ತಿಂಗಳಿಗೊಮ್ಮೆ ಬಿಚ್ಚಿ ಮಡಿಕೆ ಬದಲಿಸಿ, ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಬಿಟ್ಟರೆ ಅಲ್ಲೇ ಸೀಳುತ್ತದೆ. ನೂಲಿನ ಸೀರೆಗಳಿಂದ ಕೌದಿ ಹೊಲಿಸುವುದಾದರೆ ಅಜ್ಜಿ ಇರುವಾಗಲೇ, ಅವರೇ ಆರಿಸಿಕೊಟ್ಟ ಸೀರೆಗಳಲ್ಲಿ ಹೊಲಿಸಿ. ಯಾವುದು ಯಾವಾಗ ಉಟ್ಟದ್ದು ಎಂದು ಆಗ ಹೇಳುತ್ತಾರೆ, ಬರೆದುಕೊಳ್ಳಿ. ಜರಿ ಅಂಚನ್ನು ಬಿಡಿಸಿ, ಚುಚ್ಚುತ್ತದೆ. ಇಳಕಲ್ ಸೀರೆಯ ಟೋಪ ತೆನಿ ವಿನ್ಯಾಸದ ಸೆರಗು ಗಟ್ಟಿಯಿದ್ದರೆ ಕತ್ತರಿಸದೆ ಬೇರೆಯಾಗಿ ಇಟ್ಟುಕೊಳ್ಳಿ.

ಫೋಟೊ ಗಾಜಿಗೆ ಅಂಟಿದ್ದರೆ ಎಳೆಯಬೇಡಿ, ಬಣ್ಣ ಗಾಜಿಗೇ ಕಿತ್ತುಬರುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಬಿಡಿ ಫೋಟೊಗಳಿಗೆ 600 ಡಿಪಿಐ (ಸ್ಕ್ಯಾನಿನ ಸೂಕ್ಷ್ಮತೆಯ ಅಳತೆ) ಸಾಕು. ಹಿಂದೆ ಬಾಲ್‌ಪೆನ್ನಿನಲ್ಲಿ ಬರೆದರೆ ಮುಂದೆ ಅಚ್ಚು ಮೂಡುತ್ತದೆ, ಮೆತ್ತನೆಯ ಪೆನ್ಸಿಲಿನಲ್ಲಿ ಬರೆಯಿರಿ. ಹೆಸರುಗಳನ್ನು ಎಡದಿಂದ ಬಲಕ್ಕೆ, ನಿಂತವರು, ಕೂತವರು ಎಂದು ವಿಂಗಡಿಸಿ ಬರೆಯಿರಿ. ಹಿಂದಿನ ಸಾಲಿನ ಮೂಲೆಯಲ್ಲಿ ಅರ್ಧ ಮುಖ ಕಾಣುವ ಹುಡುಗಿಯಿಂದಲೇ ಶುರುಮಾಡಿ. ಅವಳು ಯಾರೆಂದು ಈಗ ಹೇಳಬಲ್ಲವರು ನಿಮ್ಮ ಮನೆಯಲ್ಲಿ ಬಹುಶಃ ಅಜ್ಜಿಯೊಬ್ಬರೇ.